ನೀರು ಬಿಡುವವರು ಕೇಳಿದ್ದು

ನಮ್ಮ ಬೀದಿಗೆ ನೀರು ಬಿಡುವವರು ಬದಲಾಗಿದ್ದಾರೆ. ಹೊಸಬರು ಹೆಲ್ಮೆಟ್ ತೆಗೆಯುವುದಿಲ್ಲ. ಹೆಲ್ಮೆಟ್ಟಿನೊಳಗೆ ಫೋನು ಸಿಕ್ಕಿಸಿಕೊಂಡು ಯಾರ ಜೊತೆಗೋ ಮಾತಾಡುತ್ತಲೇ ವಾಲ್ವ್ ತಿರುಗಿಸಿ, ಮಾತಾಡುತ್ತಲೇ ಹೊರಟುಬಿಡುತ್ತಾರೆ. ಒಂದು ಬೆಳಿಗ್ಗೆ ಗೇಟಿನಾಚೆ ಹೋಗಿ ತಡೆದು ಕೇಳಿದೆ: "ಹಳಬರು ಎಲ್ಲಿ ಹೋದ್ರು?"

"ಅವ್ರಾ? ಅವ್ರೇ ಕೇಳ್ಕೊಂಡು ನಂದಿನಿ ಲೇಔಟ್ ಕಡೆ ಹಾಕಿಸ್ಕೊಂಡ್ರು ಸಾರ್. ಮನೆಗೆ ದೂರ ಆಗುತ್ತೆ ಅಂದ್ರೂ ಕೇಳ್ಲಿಲ್ಲ."

ಯಾಕಂತೆ ಎಂದು ನಾನು ಕೇಳಲಿಲ್ಲ. ಉತ್ತರ ಗೊತ್ತಿರುವ ಪ್ರಶ್ನೆಯನ್ನು ನಾನು ಕೇಳುವುದು ವಿದ್ಯಾರ್ಥಿಗಳಿಗೆ ಮಾತ್ರ. ಇಪ್ಪತ್ತೇಳು ವರ್ಷದಿಂದ ಪಿಯು ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತಿದ್ದೇನೆ.

ಆ ಹಳಬರ ನಂಬರು ನನ್ನ ಫೋನಿನಲ್ಲಿ ಈಗಲೂ "ನೀರು" ಎಂದೇ ಇದೆ. ಬೀದಿಯ ಎಲ್ಲರ ಫೋನಿನಲ್ಲೂ ಹಾಗೇ ಇತ್ತು. ಅವರಿಗೊಂದು ಹೆಸರಿದೆ ಎಂದು ನನಗೆ ಗೊತ್ತಾದದ್ದು ಪರಿಚಯವಾಗಿ ನಾಲ್ಕು ವರ್ಷದ ಮೇಲೆ, ಅವರ ಮಗಳ ಅರ್ಜಿಯಲ್ಲಿ, "ತಂದೆಯ ಹೆಸರು" ಎಂಬ ಗೆರೆಯ ಮೇಲೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಬರೆಯಬೇಕಾಗಿದ್ದ ಕಡೆ ಬರೆಯದೆ ಈಗ ಬರೆದರೆ ಅದಕ್ಕೇನು ಬೆಲೆ.

ಐವತ್ತರ ಆಸುಪಾಸಿನ ಮನುಷ್ಯ. ಖಾಕಿ ಪ್ಯಾಂಟನ್ನು ಮೊಣಕಾಲಿನ ತನಕ ಮಡಚಿರುತ್ತಿದ್ದರು, ಕಾಲಿಗೆ ರಬ್ಬರು ಚಪ್ಪಲಿ. ವಾಲ್ವ್ ತಿರುಗಿಸುವ ಉದ್ದನೆಯ ಕಬ್ಬಿಣದ ಕೀಯನ್ನು ಮೊಪೆಡ್ಡಿನ ಪಕ್ಕಕ್ಕೆ ಸೈಕಲ್ ಟ್ಯೂಬಿನಿಂದ ಕಟ್ಟಿಕೊಂಡು, ಹೆಗ್ಗನಹಳ್ಳಿಯಿಂದ ನಮ್ಮ ಶ್ರೀಗಂಧದ ಕಾವಲಿಗೆ ದಿನ ಬಿಟ್ಟು ದಿನ ಬೆಳಗಿನ ಐದಕ್ಕೆ ಬರುತ್ತಿದ್ದರು. ವಾಲ್ವ್ ತಿರುಗಿಸುವುದು ಎರಡು ನಿಮಿಷದ ಕೆಲಸ. ಬೇರೆಯವರು ಅಷ್ಟಕ್ಕೇ ಮುಗಿಸಿ ಮುಂದಿನ ಬೀದಿಗೆ ಹೋಗುತ್ತಾರೆ. ಇವರು ಮಾತ್ರ ಮೊಪೆಡ್ಡನ್ನು ಅಲ್ಲೇ ನಿಲ್ಲಿಸಿ, ಏರು ಹತ್ತಿಕೊಂಡು ಬೀದಿಯ ತುತ್ತತುದಿಯ ಮನೆಯವರೆಗೆ ನಡೆದು ಬಂದು, ಗೇಟಿನ ಹತ್ತಿರ ನಿಂತು, "ಬಂತಾ?" ಎಂದು ಕೇಳುತ್ತಿದ್ದರು. ಆ ತುತ್ತತುದಿಯ ಮನೆ ನನ್ನದು.

"ಕೆಳಗಿನ ಮನೆಯೋರನ್ನ ಕೇಳಿದ್ರೆ ಏನ್ ಬಂತು ಮೇಷ್ಟ್ರೇ? ಅವ್ರಿಗೆ ವಾಲ್ವ್ ಸೋರಿದ್ರೂ ಸಂಪು ತುಂಬುತ್ತೆ. ನಿಮ್ಮನೇಲಿ ಬಂದಿದ್ರೆ ಬೀದಿಗೆಲ್ಲಾ ಬಂದಂಗೆ."

ಅವರು ಕೇಳುವ ಹೊತ್ತಿಗೆ ನಾನು ಸಂಪಿನ ಮುಚ್ಚಳ ತೆಗೆದು ಟಾರ್ಚು ಬಿಟ್ಟುಕೊಂಡು ಕೂತಿರುತ್ತಿದ್ದೆ. ಇವತ್ತು ನೀರು ಬರದಿದ್ದರೆ, ಬಂದರೂ ಮಣ್ಣು ಬಂದರೆ, ಮಣ್ಣು ಮೋಟರಿಗೆ ಹೋದರೆ, ಮೋಟರು ಸುಟ್ಟರೆ, ಆ ಹೊತ್ತಿಗೆ ಸರಿಯಾಗಿ ಊರಿಂದ ಅತ್ತೆ ಬಂದರೆ. ನನ್ನ ಯೋಚನೆಗಳು ಹೀಗೆ ಒಂದರ ಬಾಲ ಒಂದು ಹಿಡಿದುಕೊಂಡು ಬರುತ್ತವೆ. ಅವರು ಗೇಟಿನ ಮೇಲಿಂದ ಬಗ್ಗಿ ನೋಡಿ ನಗುತ್ತಿದ್ದರು. "ನೀವು ಹಂಗೆ ದಿಟ್ಟಿಸಿ ನೋಡ್ತಾ ಕೂತ್ರೆ ನೀರಿಗೇ ನಾಚ್ಕೆ ಆಗುತ್ತೆ. ಒಳಗೋಗಿ ಕಾಫಿ ಕುಡೀರಿ."

ಒಂದು ಬೆಳಿಗ್ಗೆ ನನ್ನ ಮಗ ಫುಟ್‌ಬಾಲಿಗೆ ಹೊರಟು, ಹಳದಿ ಜೆರ್ಸಿ, ಮೊಣಕಾಲಿನ ತನಕದ ಕಾಲುಚೀಲ ಹಾಕಿಕೊಂಡು ಸ್ಕೂಟರಿನ ಮುಂದೆ ನಿಂತಿದ್ದ. ಅವರು ಅವನನ್ನು ಮೇಲಿಂದ ಕೆಳಗೆ ನೋಡಿ ಕೇಳಿದರು: "ಅದು ಹೆಣ್ಮಕ್ಳಿಗೂ ಇದ್ಯಾ ಮೇಷ್ಟ್ರೇ?"

ಇದೆ ಎಂದೆ. ಇಷ್ಟಕ್ಕೇ ಬಿಡಬಹುದಾಗಿತ್ತು. ನಾನು ಬಿಡಲಿಲ್ಲ. ಮಗ ಹೋಗುತ್ತಿದ್ದ ಅಕಾಡೆಮಿಯನ್ನು ಹತ್ತು ನಿಮಿಷ ಹೊಗಳಿದೆ. ಹೊಗಳದೆ ಏನು ಮಾಡಲಿ, ಅದರ ಹೊಗಳಿಕೆಯನ್ನೆಲ್ಲ ಬರೆಯುತ್ತಿದ್ದವನು ನಾನೇ.

ಬಸವೇಶ್ವರನಗರದ ಒಂದು ಮೈದಾನದಲ್ಲಿ ನಡೆಯುತ್ತಿದ್ದ ಫುಟ್‌ಬಾಲ್ ತರಬೇತಿ ಅದು. ಅಕಾಡೆಮಿ ಎಂದರೆ ಒಬ್ಬ ಕೋಚು, ಇಪ್ಪತ್ತು ಚೆಂಡು, ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಕೋನುಗಳು ಮತ್ತು ಒಂದು ವಾಟ್ಸಾಪ್ ಗುಂಪು. ನಮ್ಮ ಕಡೆಯ ಅಪ್ಪಂದಿರು ಕಬಡ್ಡಿ, ಕ್ರಿಕೆಟ್ಟು ಕಂಡವರು. ಫುಟ್‌ಬಾಲಿನಲ್ಲಿ ಯಾರು ಚೆನ್ನಾಗಿ ಆಡಿದರು, ಯಾರು ಆಡಲಿಲ್ಲ ಎಂದು ನಮಗೆ ತಿಳಿಯುತ್ತಿದ್ದುದು ಗುಂಪಿನಲ್ಲಿ ಬರುವ ವರದಿ ಓದಿದ ಮೇಲೆ. ಹಾಗಾಗಿ ವರದಿ ಮುಖ್ಯವಾಗಿತ್ತು. ಕೋಚು ನನ್ನನ್ನು ಮೊದಲ ತಿಂಗಳಲ್ಲೇ ಗುರುತಿಸಿಬಿಟ್ಟ. "ಸಾರ್, ನೀವು ಲ್ಯಾಂಗ್ವೇಜ್ ಮನುಷ್ಯರು. ನಮ್ಮ ಮೀಡಿಯಾ ನೀವೇ ನೋಡ್ಕೊಬೇಕು." ಗುಂಪಿಗೆ ನನ್ನನ್ನೂ ಅಡ್ಮಿನ್ ಮಾಡಿದ. ಐವತ್ತೊಂದನೆಯ ವಯಸ್ಸಿನಲ್ಲಿ, ಜೀವನದಲ್ಲಿ ಮೊದಲ ಸಲ, ನಾನೂ ಒಂದು ತಂಡಕ್ಕೆ ಆಯ್ಕೆಯಾಗಿದ್ದೆ.

ಕೋಚಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಅವನು ಮೋಸಗಾರನಲ್ಲ. ಬಿಸಿಲಲ್ಲಿ ಮಕ್ಕಳ ಜೊತೆ ಓಡುತ್ತಿದ್ದ, ಪ್ರತಿ ಮಗುವಿನ ಹೆಸರು ಅವನಿಗೆ ಗೊತ್ತಿತ್ತು. ಆದರೆ ಮೂರು ಮೈದಾನದಲ್ಲಿ ಮೂರು ಬ್ಯಾಚು ಮಾಡುವ ಆಸೆ ಹತ್ತಿದ ಮೇಲೆ, ಆಟಕ್ಕಿಂತ ಆಟದ ಫೋಟೋಗೆ ಅವನ ಗಮನ ಹೋಗತೊಡಗಿತು. ಗೋಲು ಹೊಡೆದ ಹುಡುಗನನ್ನು ತಬ್ಬಿಕೊಳ್ಳುವ ಮೊದಲು ಕ್ಯಾಮೆರಾ ಎಲ್ಲಿದೆ ಎಂದು ನೋಡುತ್ತಿದ್ದ. ಸೋತ ದಿನ ನನಗೆ ಫೋನು ಮಾಡಿ, "ಸಾರ್, ಸ್ಕೋರ್ ಹಾಕ್ಬೇಡಿ. ಸ್ಪಿರಿಟ್ ಬಗ್ಗೆ ಬರೀರಿ," ಎನ್ನುತ್ತಿದ್ದ. ನಾನು ಬರೆಯುತ್ತಿದ್ದೆ. ಏಳು–ಸೊನ್ನೆಯಲ್ಲಿ ಸೋತ ಪಂದ್ಯಕ್ಕೆ "ಬಲಿಷ್ಠ ಎದುರಾಳಿಯ ಮುಂದೆ ಕೊನೆಯ ಕ್ಷಣದವರೆಗೂ ಎದೆಗುಂದದ ನಮ್ಮ ಚಿಣ್ಣರು" ಎಂದು ಬರೆದವನು ನಾನು. ಅದರಲ್ಲಿ ಒಂದು ಸುಳ್ಳಿಲ್ಲ ನೋಡಿ. ಎದುರಾಳಿ ಬಲಿಷ್ಠರೇ. ಕೊನೆಯ ಕ್ಷಣದವರೆಗೆ ನಮ್ಮ ಮಕ್ಕಳು ಅಲ್ಲೇ ಇದ್ದರು, ಬಸ್ಸು ಬಂದಿರಲಿಲ್ಲ. ಸುಳ್ಳು ಬರೆಯದೆ ಸುಳ್ಳಿನ ಕೆಲಸ ಮಾಡಿಸುವ ಈ ವಿದ್ಯೆಯಲ್ಲಿ ನನಗೆ ಹೆಮ್ಮೆಯೂ ಇತ್ತು. ಬೆಳಿಗ್ಗೆ ಎದ್ದು ವರದಿಯ ಕೆಳಗೆ ಎಷ್ಟು ಜನ ಹೆಬ್ಬೆರಳೆತ್ತಿದ್ದಾರೆ ಎಂದು ನೋಡುತ್ತಿದ್ದೆ.

ನೀರಿನವರ ಮಗಳು ಸೇರಿದಳು. ಹನ್ನೆರಡು ವರ್ಷ, ನನ್ನ ಮಗನ ವಯಸ್ಸೇ. ಎರಡು ಜಡೆಯನ್ನು ತಲೆಯ ಮೇಲೆ ಮಡಚಿ ರಿಬ್ಬನ್ನು ಬಿಗಿದು, ಯಾರದೋ ದೊಡ್ಡ ಶೂವಿನೊಳಗೆ ಬಟ್ಟೆ ತುರುಕಿಕೊಂಡು ಬರುತ್ತಿದ್ದಳು. ಗೋಲಿನ ಮುಂದೆ ಎಡಗಡೆ ನಿಲ್ಲಿಸುತ್ತಿದ್ದರು. ಆ ಕಡೆಯಿಂದ ಚೆಂಡು ಬರುವುದು ನಿಂತುಹೋಯಿತು. ನನ್ನ ಮಗ ಅವಳ ಮುಂದೆ ಆಡುತ್ತಿದ್ದ. ಚೆಂಡು ಬಂದರೆ ಏನು ಮಾಡುವುದು ಎಂದು ಚೆಂಡು ಬರುವ ಮೊದಲೇ ಯೋಚಿಸುತ್ತಾ ನಿಂತುಬಿಡುವ ಹುಡುಗ ಅವನು. ಆ ಗುಣ ಯಾರಿಂದ ಬಂತು ಎಂದು ಹೇಳಬೇಕಾಗಿಲ್ಲ. ಹಿಂದಿನಿಂದ ಅವಳು ಕೂಗುತ್ತಿದ್ದಳು: "ಏಯ್, ಆಮೇಲೆ ಯೋಚ್ನೆ ಮಾಡೋ! ಈಗ ಒದಿ!"

ಅವಳ ಅಪ್ಪ ಮೈದಾನದ ಮೂಲೆಯಲ್ಲಿ, ಬಾವುಟದ ಕಡ್ಡಿಯ ಹತ್ತಿರ ಕುಕ್ಕರುಗಾಲಲ್ಲಿ ಕೂರುತ್ತಿದ್ದರು. ಎಲೆಅಡಿಕೆ ಜಗಿಯುತ್ತಾ ನೋಡುವುದು, ಉಗುಳಬೇಕಾದರೆ ಎದ್ದು ಗೇಟಿನಾಚೆ ಹೋಗಿ ಬರುವುದು. ನಾವೆಲ್ಲ "ಪಾಸ್ ಪಾಸ್!" "ಶೂಟ್ ಶೂಟ್!" ಎಂದು ಗಂಟಲು ಹರಿದುಕೊಳ್ಳುತ್ತಿದ್ದರೆ ಅವರು ಬಾಯಿ ಬಿಡುತ್ತಿರಲಿಲ್ಲ. "ನಂಗೆ ಆಟ ಗೊತ್ತಿಲ್ಲ ಮೇಷ್ಟ್ರೇ. ಪ್ರೆಶರ್ ಯಾವ ಕಡೆಯಿಂದ ಬರ್ತೈತೆ ಅಂತ ಮಾತ್ರ ಗೊತ್ತಾಗುತ್ತೆ," ಎಂದು ಒಮ್ಮೆ ಹೇಳಿದ್ದರು. ಒಂದು ಸಲ ಮಧ್ಯಂತರದಲ್ಲಿ ಕೋಚು ಬಲಗಡೆ ಇಬ್ಬರನ್ನು ಬದಲಾಯಿಸುವ ಹತ್ತು ನಿಮಿಷ ಮುಂಚೆಯೇ ಇವರು "ಬಲಗಡೆ ಒಡಿಯುತ್ತೆ ಈಗ" ಎಂದಿದ್ದು ನನಗೆ ನೆನಪಿದೆ. ಪೈಪಿನ ಬಗ್ಗೆ ಹೇಳಿದಷ್ಟೇ ಸಲೀಸಾಗಿ ಹೇಳಿದ್ದರು.

ಅವರ ಇನ್ನೊಂದು ಅಭ್ಯಾಸ ಎಲ್ಲರಿಗೂ ಕಿರಿಕಿರಿ. ಪಂದ್ಯ ಮುಗಿದ ಕೂಡಲೇ ನಾವು ನಮ್ಮ ನಮ್ಮ ಮಕ್ಕಳ ಕಡೆ ಓಡಿದರೆ, ಅವರು ಬೆಂಚಿನ ಕಡೆ ನಡೆಯುತ್ತಿದ್ದರು. ಅಲ್ಲಿ ಕೊನೆಯಲ್ಲಿ ಕೂತ ಹುಡುಗನ ಎದುರು ಮತ್ತೆ ಕುಕ್ಕರುಗಾಲು. "ಎಷ್ಟೊತ್ತು ಆಡ್ಸಿದ್ರು ಮರಿ?" ಕೆಲವರು ಐದು ನಿಮಿಷ ಎನ್ನುತ್ತಿದ್ದರು. ಕೆಲವರು ಶೂ ಲೇಸು ಬಿಚ್ಚಿ ಮತ್ತೆ ಕಟ್ಟುತ್ತಿದ್ದರು. ಅವರು ತಲೆಯಾಡಿಸಿ ಎದ್ದು ಬರುತ್ತಿದ್ದರು. ಯಾರಿಗೂ ಏನೂ ಹೇಳುತ್ತಿರಲಿಲ್ಲ. ಹೇಳದಿದ್ದರೂ ಅದು ನಮಗೆಲ್ಲ ಕೇಳಿಸುತ್ತಿತ್ತು.

ನಮ್ಮಲ್ಲಿ ಒಬ್ಬ ಗೌಡರಿದ್ದರು. ಹಳೇ ಊರಿನ ಜಮೀನುದಾರರು, ಈಗ ಅದೇ ಜಮೀನಿನ ಮೇಲೆ ನಾಲ್ಕು ಕಟ್ಟಡ. ಜೆರ್ಸಿಗಳ ಬೆನ್ನಿನ ಮೇಲೆ ಅವರ ಕಟ್ಟಡಗಳ ಹೆಸರು, ತಂಡದ ನಾಯಕ ಅವರ ಮಗ. ಅವರು ಒಮ್ಮೆ ಮೂಲೆಯಿಂದ ಮೂಲೆಗೆ ಕೂಗಿದರು: "ಏನ್ ನೀರಿನವ್ರೇ, ಗ್ರೌಂಡಿಗೂ ವಾಲ್ವ್ ಹಾಕ್ಬುಟ್ರಾ? ನಿಮ್ ಹುಡ್ಗಿ ದಾಟಿ ಒಂದ್ ಚೆಂಡೂ ಹೋಗ್ತಿಲ್ವಲ್ಲ!"

"ಎಲ್ಲಿ ಗೌಡ್ರೇ, ನಿಮ್ಮುಡುಗ ಹಿಂದಕ್ಕೆ ಬಂದ್ರೆ ಅಲ್ವಾ ಗೊತ್ತಾಗೋದು ಹೋಗುತ್ತೋ ಇಲ್ವೋ ಅಂತ."

ಗೌಡರು ಜೋರಾಗಿ ನಕ್ಕರು. ಆ ನಗು ಮುಗಿದ ಮೇಲೂ ಅವರು ಆ ಕಡೆ ನೋಡುತ್ತಲೇ ಇದ್ದರು.

ಅವರನ್ನು ಸತ್ಯಸಂಧ ಎಂದು ಮಾಡಿ ಕೂರಿಸುವ ಉದ್ದೇಶ ನನಗಿಲ್ಲ, ಕೂರಿಸಿದರೆ ಅವರೇ ಎದ್ದು ಹೋಗುತ್ತಾರೆ. ಒಂದು ಸಲ ಮಗಳ ಪಂದ್ಯ ಕೆಂಗೇರಿಯಲ್ಲಿ, ಬೆಳಗಿನ ಆರಕ್ಕೆ. ಅದೇ ದಿನ ನಮ್ಮ ಬೀದಿಯ ಸರದಿ. ನೀರು ಬಂದದ್ದು ಹತ್ತು ಗಂಟೆಗೆ. ಬೀದಿಗೆಲ್ಲಾ ಪೈಪು ಒಡೆದಿತ್ತು ಎಂದು ಹೇಳಿಬಂದವರು, ನಮ್ಮ ಗೇಟಿನ ಹತ್ತಿರ ಬಂದು ತಲೆ ಕೆರೆದುಕೊಂಡರು. "ಪೈಪೂ ಇಲ್ಲ ಏನೂ ಇಲ್ಲ ಮೇಷ್ಟ್ರೇ. ಮ್ಯಾಚ್ ನೋಡಕ್ಕೆ ಹೋಗ್ಬುಟ್ಟೆ. ನೀವಂತೂ ನನ್ನ ಅಲ್ಲೇ ನೋಡಿದ್ರಲ್ಲ." ನಾನು ಯಾರಿಗೂ ಹೇಳಲಿಲ್ಲ. ನನ್ನ ಮೌನದಿಂದ ಅವರಿಗೆ ಉಪಕಾರವಾದದ್ದು ಅದೊಂದೇ ಸಲ.

ಮಾರ್ಚಿನಲ್ಲಿ ಮೈದಾನದ ಗೇಟಿಗೆ ಹನ್ನೆರಡಡಿಯ ಫ್ಲೆಕ್ಸು ಬಂತು. ಬೇಸಿಗೆ ಶಿಬಿರದ ಪ್ರಚಾರ. "ಒಂದೇ ವರ್ಷದಲ್ಲಿ ಮೂರು ರಾಜ್ಯಮಟ್ಟದ ಪಂದ್ಯಾವಳಿಗಳ ಸೆಮಿಫೈನಲ್ ಪ್ರವೇಶಿಸಿದ ತಂಡ!" ನಡುವೆ ಎದೆಯ ಮೇಲೆ ಕೈಕಟ್ಟಿ ನಿಂತ ಕೋಚು. ಬಲಗಡೆ ಗೌಡರ ಮಗ. ಎಡಗಡೆ, "ಹೆಣ್ಣುಮಕ್ಕಳಿಗೆ ವಿಶೇಷ ಆದ್ಯತೆ" ಎಂಬುದರ ಮೇಲೆ, ನೀರಿನವರ ಮಗಳು ಗಾಳಿಯಲ್ಲಿ ಚೆಂಡಿಗೆ ಕಾಲು ಚಾಚಿದ ಫೋಟೋ. ಒಕ್ಕಣೆ ನನ್ನದು.

ಆ ಮೂರು ಸೆಮಿಫೈನಲ್ಲುಗಳ ಗುಟ್ಟು ಹೇಳುತ್ತೇನೆ. ಮೂರು ಪಂದ್ಯಾವಳಿಗಳಲ್ಲೂ ಬಂದಿದ್ದು ನಾಲ್ಕೇ ತಂಡ. ನಾಲ್ಕು ತಂಡ ಇದ್ದರೆ ಮೊದಲ ಪಂದ್ಯವೇ ಸೆಮಿಫೈನಲ್ಲು. ನಮ್ಮವರು ಬಸ್ಸಿನಿಂದ ಇಳಿಯುವಾಗಲೇ ಸೆಮಿಫೈನಲ್ ಪ್ರವೇಶಿಸಿರುತ್ತಿದ್ದರು. ಮೂರರಲ್ಲೂ ಸೋತು ಅದೇ ಬಸ್ಸು ಹತ್ತಿದರು. ಕೋಚು ಈ ತರಹದ ಪಂದ್ಯಾವಳಿಗಳನ್ನೇ ಹುಡುಕುತ್ತಿದ್ದ, ಮತ್ತು ಆ "ಪ್ರವೇಶಿಸಿದ" ಎಂಬ ಪದ ನಾನು ಹುಡುಕಿದ್ದು. "ತಲುಪಿದ" ಎಂದರೆ ಎಲ್ಲಿಂದಲೋ ಬಂದ ಹಾಗಾಗುತ್ತದೆ, ಅದು ತಪ್ಪು ಎಂದು ಅವನಿಗೆ ವಿವರಿಸಿದ್ದೆ ಕೂಡ.

ಫ್ಲೆಕ್ಸು ಕಟ್ಟಿದ ವಾರ ಗುಂಪಿನಲ್ಲಿ ಎಲ್ಲರೂ ಚಪ್ಪಾಳೆ ಒತ್ತಿದರು. ಗುಂಪಿನಾಚೆ ಬೇರೆಯೇ ಮಾತು ನಡೆಯುತ್ತಿತ್ತು. ದಾವಣಗೆರೆ ಕಡೆಯ ಒಬ್ಬ ತಾಯಿ ಇದ್ದರು, ಬ್ಯಾಂಕಿನಲ್ಲಿ ಅಧಿಕಾರಿ. ನನಗೆ ಫೋನು ಮಾಡಿ ಅರ್ಧ ಗಂಟೆ ಕೂಗಾಡಿದರು. "ಎರಡು ವರ್ಷದಿಂದ ನಮ್ಮ ಹುಡುಗ ಬರ್ತಾನ್ರೀ. ಒಂದ್ ಪಂದ್ಯ ಗೆದ್ದಿದ್ದು ನಾ ಕಂಡಿಲ್ಲ. ಬೆಂಚಿನ ಮ್ಯಾಲೆ ಕೂತು ಕೂತು ಚಡ್ಡಿ ಸವೆದೈತಿ. ಯಾರಾದ್ರೂ ಕೇಳ್ಬೇಕಲ್ರೀ ಇದನ್ನ?" ಯಾರಾದರೂ ಕೇಳಬೇಕು ಎಂದು ನಾನೂ ಒಪ್ಪಿದೆ. ಆ ಯಾರಾದರೂ ನಾನಾಗದಿದ್ದರೆ ಸಾಕು ಎಂದು ಫೋನಿಟ್ಟೆ.

ಭಾನುವಾರ ಅಭ್ಯಾಸ ಮುಗಿದ ಮೇಲೆ ಮೈದಾನದ ಮೆಟ್ಟಿಲುಗಳ ಮೇಲೆ ಪಾಲಕರ ಸಭೆ. ಕೋಚು ನಿಂತುಕೊಂಡು, ಇನ್ನು ಹದಿನೈದು ದಿನದಲ್ಲಿ ಜಿಲ್ಲಾ ಲೀಗಿಗೆ ಹದಿನಾಲ್ಕು ಹೆಸರು ಕಳಿಸುವುದಾಗಿ ಹೇಳಿದ. ನನ್ನ ಮಗನದು ಹದಿಮೂರನೆಯ ಹೆಸರೋ ಹದಿನೈದನೆಯದೋ ಎಂದು ನಾನು ಆ ತಿಂಗಳಿಡೀ ಲೆಕ್ಕ ಹಾಕಿದ್ದೆ. "ಯಾರಿಗಾದ್ರೂ ಡೌಟ್ಸ್ ಇದ್ರೆ ಕೇಳಿ," ಎಂದ ಕೋಚು.

ಎಲ್ಲರಿಗಿಂತ ಕೆಳಗಿನ ಮೆಟ್ಟಿಲಲ್ಲಿ ಕೂತಿದ್ದ ನೀರಿನವರು ಎದ್ದು ನಿಂತರು. "ಸಾರ್, ಮೂರು ಸೆಮಿಫೈನಲ್ ಅಂತ ಹಾಕಿದೀರಿ. ಎಷ್ಟು ಟೀಮ್ ಬಂದಿದ್ವು?"

"ಅದು ಇನ್ವಿಟೇಷನ್ ಟೂರ್ನಮೆಂಟ್ ಅಣ್ಣಾ. ಕ್ವಾಲಿಟಿ ಟೀಮ್ಸ್."

"ಅದೇ, ಎಷ್ಟು?"

"ರಿಸಲ್ಟ್ ಅಂದ್ರೆ ನಂಬರ್ ಅಲ್ಲ ಅಣ್ಣಾ. ಎಕ್ಸ್‌ಪೋಷರ್ ಮುಖ್ಯ. ಮಕ್ಕಳಿಗೆ ಕಾನ್ಫಿಡೆನ್ಸ್ ಬರ್ಬೇಕು."

"ಬರ್ಲಿ ಸಾರ್. ಹದಿನೆಂಟು ಮಕ್ಳು ಬಸ್ಸಲ್ಲಿ ಹೋದ್ರು. ಆರು ಮಕ್ಳು ಮಡಚಿದ ಜೆರ್ಸಿ ಹಾಕ್ಕೊಂಡು ಹೋಗಿ ಒಂದ್ ಮಡಿಕೆ ಕೆಡದಂಗೆ ವಾಪಸ್ ಬಂದ್ರು. ಅವ್ರನ್ನ ಕರ್ದು ಕೇಳಿ, ಕಾನ್ಫಿಡೆನ್ಸ್ ಬಂತಾ ಅಂತ. ಅವ್ರಿಗೆ ಬಂದಿದ್ರೆ ಎಲ್ರಿಗೂ ಬಂದಂಗೆ."

ಗೌಡರು ಮಧ್ಯೆ ಬಂದರು. "ಏನ್ ಸ್ವಾಮಿ ನೀವು, ಆ ಮನ್ಷ ಹಗ್ಲೂ ರಾತ್ರಿ ಒದ್ದಾಡ್ತಾವ್ನೆ. ನಾಲ್ಕ್ ಜನಕ್ಕೆ ಗೊತ್ತಾಗ್ದೆ ಇದ್ರೆ ಯಾರ್ ಬತ್ತಾರೆ? ಬೋರ್ಡ್ ಹಾಕ್ದಲೇ ಅಂಗ್ಡಿ ತೆಗೀತಾರಾ?"

"ಬೋರ್ಡ್ ಹಾಕ್ಬೇಡಿ ಅಂದ್ನಾ ಗೌಡ್ರೇ? ಒಳ್ಗೆ ಏನೈತೋ ಅದ್ನೇ ಬರೀರಿ ಅಂದೆ."

ದಾವಣಗೆರೆಯವರ ಕಡೆ ನಾನು ನೋಡಿದೆ. ಅವರು ಕೈಚೀಲದ ಜಿಪ್ಪು ಎಳೆಯುತ್ತಾ, "ಹೋಗ್ಲಿ ಬಿಡ್ರೀ, ಮಕ್ಕಳ ಮುಂದ ಯಾಕ ಇದೆಲ್ಲ. ಅವ್ರ ಉತ್ಸಾಹ ಕಡಿಮಿ ಆಗ್ತೈತಿ," ಎಂದರು. ಹದಿನಾಲ್ಕು ಹೆಸರಿನ ಲೆಕ್ಕ ಅವರಲ್ಲೂ ನಡೆದಿತ್ತು.

ಆಗ ನೀರಿನವರು ನನ್ನ ಕಡೆ ತಿರುಗಿದರು. ಅವರ ಮುಖದಲ್ಲಿ ಸವಾಲು ಇರಲಿಲ್ಲ. ಗೇಟಿನ ಹತ್ತಿರ ನಿಂತು ಮಾತಾಡುವಾಗ ಇರುವ ಅದೇ ಸಲಿಗೆ. "ಮೇಷ್ಟ್ರು ಪ್ರತಿ ಮ್ಯಾಚಿಗೂ ಬಂದವ್ರೆ. ಬರೆಯೋರೂ ಅವ್ರೇ. ಮೇಷ್ಟ್ರೇ, ಎಷ್ಟು ಟೀಮ್ ಇದ್ವು ಹೇಳ್ಬುಡಿ, ಮುಗೀತು."

ಮೂವತ್ತು ಮುಖ ನನ್ನ ಕಡೆ. ಕೋಚಿನ ಮುಖವೂ. ನಾಲ್ಕು ಎನ್ನುವುದು ಕಷ್ಟದ ಪದವೇನಲ್ಲ. ಒಂದನೇ ತರಗತಿಯ ಮಗು ಹೇಳುತ್ತದೆ. ನನ್ನ ಮಗ ಗೋಲ್ ಕಂಬಕ್ಕೆ ಒರಗಿ ನನ್ನನ್ನೇ ನೋಡುತ್ತಿದ್ದ.

"ಸರಿಯಾಗಿ... ನೆನಪಿಲ್ಲ," ಎಂದೆ. "ನೋಡಿ ಹೇಳ್ತೀನಿ."

"ಆಯ್ತು, ನೋಡಿ ಹೇಳಿ," ಎಂದು ನೀರಿನವರು ಕೂತರು. ಗೌಡರು, "ವಾಲ್ವ್ ತಿರುಗ್ಸೋದ್ ಬಿಟ್ಟು ಇವ್ರಿಗ್ಯಾಕ್ ಬೇಕಿತ್ತು," ಎಂದಾಗ ನಾಲ್ಕಾರು ಜನ ನಕ್ಕರು. ನಾನೂ ಹಲ್ಲು ಬಿಟ್ಟೆನೋ ಏನೋ.

ಮನೆಗೆ ಬರುವಷ್ಟರಲ್ಲಿ ಕೋಚಿನ ಫೋನು. "ಥ್ಯಾಂಕ್ಸ್ ಸಾರ್. ಒಂದು ಚಿಕ್ಕ ಕೆಲ್ಸ. ಅವ್ರನ್ನ ಗ್ರೂಪಿಂದ ತೆಗೆದ್ಬಿಡಿ. ನಾನು ತೆಗೆದ್ರೆ ಪರ್ಸನಲ್ ಅನ್ಸುತ್ತೆ." ನಾನು ತೆಗೆದೆ. "ನೀರು" ಎಂಬ ಹೆಸರಿನ ಮೇಲೆ ಹೆಬ್ಬೆರಳಿಟ್ಟು ಒತ್ತಿ ಹಿಡಿದರೆ ಒಂದು ಪಟ್ಟಿ ಬರುತ್ತದೆ, ಅದರಲ್ಲಿ ಕೊನೆಯದನ್ನು ಒತ್ತಬೇಕು. ಕೆಟ್ಟ ಕೆಲಸಗಳು ಇಷ್ಟು ಸುಲಭವಾಗಿರಬಾರದು. ಮುಂದಿನ ಭಾನುವಾರದಿಂದ ಅವರ ಮಗಳಿಗೂ ಬೆಂಚು. ಹಾಜರಾತಿ ಸಾಲದು ಎಂದು ಕೋಚು ಹೇಳಿದ. ಅವಳ ಜಾಗದಲ್ಲಿ, ಗೋಲಿನ ಮುಂದೆ ಎಡಗಡೆ, ನನ್ನ ಮಗ ಪೂರ್ತಿ ಪಂದ್ಯ ಆಡಿದ. ಐದು ಗೋಲು ಅದೇ ಕಡೆಯಿಂದ ಬಂದವು. ಅವನ ಹೆಸರು ಹದಿನಾಲ್ಕರ ಪಟ್ಟಿಯಲ್ಲಿ ಹನ್ನೆರಡನೆಯದಾಗಿ ಬಂತು.

ಏಪ್ರಿಲ್ಲಿನ ಒಂದು ಬೆಳಿಗ್ಗೆ ನೀರಿನವರು ನಮ್ಮ ಗೇಟಿನ ಹತ್ತಿರ ಎಂದಿಗಿಂತ ಹೆಚ್ಚು ಹೊತ್ತು ನಿಂತರು. ಜೇಬಿನಿಂದ ಮಡಚಿದ ಅರ್ಜಿ ತೆಗೆದರು. ಸರ್ಕಾರಿ ಕ್ರೀಡಾ ವಸತಿ ಶಾಲೆಯದು. ಆಯ್ಕೆಯಾದರೆ ಊಟ, ಓದು, ಆಟ ಎಲ್ಲ ಅವರದೇ. ಆಯ್ಕೆಗೆ ಕರೆಯಬೇಕಾದರೆ ತಂಡದಲ್ಲಿ ಆಡಿದ್ದಕ್ಕೆ ಪುರಾವೆ ಬೇಕು.

"ಕೋಚ್ ಕೊಡಲ್ಲ ಅಂದ್ರು. ಫ್ಲೆಕ್ಸಲ್ಲಿ ಅವ್ಳ ಫೋಟೋ ಐತೆ, ಅದ್ನ ಕಿತ್ಕೊಂಡು ಹೋಗ್ಲಾ ಅಂದೆ. ಬೈದ್ರು." ಅವರು ನಕ್ಕರು. "ನೀವು ಪೇಪರ್‌ನಲ್ಲಿ ಬಂದಂಗೆ ಬರೀತಿದ್ರಲ್ಲ ಮೇಷ್ಟ್ರೇ, ಅದ್ರಲ್ಲಿ ಅವ್ಳ ಹೆಸ್ರಿರೋದು ಒಂದೆರಡು ಪ್ರಿಂಟ್ ಕೊಡಿ. ಸಾಕು."

"ಅದಕ್ಕೇನಂತೆ, ಈಗ್ಲೇ ತೆಗೀತೀನಿ," ಎಂದೆ. ನಿಜಕ್ಕೂ ಸಮಾಧಾನವಾಯಿತು, ಯಾರಿಗೂ ಗೊತ್ತಾಗದ ಹಾಗೆ ಮಾಡಬಹುದಾದ ಉಪಕಾರ. ಫೋನು ತೆಗೆದು ಎರಡು ವರ್ಷದ ವರದಿಗಳಲ್ಲಿ ಅವಳ ಹೆಸರು ಹುಡುಕಿದೆ. ಸಿಗಲಿಲ್ಲ. ಕಾಗುಣಿತ ಬದಲಾಯಿಸಿ ಹುಡುಕಿದೆ. ಒಂದೊಂದಾಗಿ ತೆರೆದು ಓದುತ್ತಾ ಹೋದೆ. ಗೋಲು ಹೊಡೆದವರ ಹೆಸರಿತ್ತು. ಗೌಡರ ಮಗನ ಹೆಸರು ಗೋಲು ಹೊಡೆಯದಿದ್ದರೂ ಇತ್ತು. ನನ್ನ ಮಗನ ಹೆಸರು ನಾನು ಎಣಿಸಲು ಇಷ್ಟಪಡದಷ್ಟು ಸಲ ಇತ್ತು, "ಉತ್ಸಾಹ ತೋರಿದ" ಎಂಬ ಮಾತಿನೊಂದಿಗೆ. ಗೋಲಾಗದಂತೆ ತಡೆದವಳ ಬಗ್ಗೆ ಎರಡು ವರ್ಷದಲ್ಲಿ ಒಂದು ಸಾಲು ಬರೆದಿರಲಿಲ್ಲ. ಯಾವ ಕೋಚೂ ಬರೆಯಬೇಡಿ ಎಂದು ಹೇಳಿರಲಿಲ್ಲ. ನನಗೇ ಹೊಳೆದಿರಲಿಲ್ಲ.

"ಇಲ್ವಾ?" ಎಂದರು.

"ಹೆಸ್ರು ಬರೆದಿಲ್ಲ ಅಷ್ಟೇ. ಆಡಿದ್ದು ನಂಗೆ ಚೆನ್ನಾಗಿ ಗೊತ್ತಲ್ಲ."

"ಹಂಗಾದ್ರೆ ಅದ್ನೇ ಬರ್ಕೊಡಿ. ಕೋಚ್ ಸೀಲ್ ಬೇಡ, ನಿಮ್ ಕಾಲೇಜ್ ಸೀಲೂ ಬೇಡ. ಈ ಹುಡ್ಗಿ ಇಂಥಿಂಥ ಮ್ಯಾಚ್ ಆಡಿದ್ದು ನಾನು ನೋಡಿದೀನಿ ಅಂತ ಬರ್ದು, ಕೆಳಗೆ ನಿಮ್ ಹೆಸ್ರು ಹಾಕಿ. ಲೆಕ್ಚರರ್ ಬರ್ದವ್ರೆ ಅಂದ್ರೆ ನೋಡ್ತಾರಂತೆ, ವಿಚಾರಿಸ್ಕೊಂಡು ಬಂದಿದೀನಿ."

"ನಾಳೆ ಕೊಡ್ತೀನಿ."

"ನಾಳೆ ನಿಮ್ಗೆ ನೀರಿಲ್ಲ ಮೇಷ್ಟ್ರೇ. ನಾಳಿದ್ದು ಬರ್ತೀನಿ. ನಾಳಿದ್ದೇ ಲಾಸ್ಟ್ ಡೇಟು."

ಎರಡು ದಿನ ಅದೊಂದು ಪತ್ರ ಬರೆದೆ. ಮೊದಲ ಕರಡಿನಲ್ಲಿ ಎಲ್ಲ ಇತ್ತು. ಪಂದ್ಯಗಳು, ಅವಳ ಸ್ಥಾನ, ಅವಳಿದ್ದ ಕಡೆಯಿಂದ ಗೋಲು ಬರುತ್ತಿರಲಿಲ್ಲ ಎಂಬುದೂ. ಓದಿದೆ. ಆಮೇಲೆ ಯೋಚನೆ ಶುರುವಾಯಿತು. ಶಾಲೆಯವರು ಅಕಾಡೆಮಿಗೆ ಫೋನು ಮಾಡಿದರೆ? ಕೋಚಿಗೆ ಗೊತ್ತಾದರೆ? ಹನ್ನೆರಡನೆಯ ಹೆಸರು ಹದಿನೈದನೆಯದಾದರೆ? ಲೀಗು ಇನ್ನೂ ಶುರುವಾಗಿಲ್ಲ. ಅಕಾಡೆಮಿಯ ಹೆಸರು ತೆಗೆದೆ. ಅದನ್ನು ತೆಗೆದ ಮೇಲೆ ಪಂದ್ಯಗಳ ಹೆಸರು ಎಲ್ಲಿಯದೋ ಅನ್ನಿಸಿತು, ಅವನ್ನೂ ತೆಗೆದೆ. "ಆಡಿದ್ದಾಳೆ" ಎಂದರೆ ಯಾವಾಗ, ಯಾರ ಪರ ಎಂಬ ಪ್ರಶ್ನೆ ಏಳುತ್ತದೆ. ಅದನ್ನು "ಅಪಾರ ಆಸಕ್ತಿಯಿಂದ ತೊಡಗಿಸಿಕೊಂಡಿರುವ" ಎಂದು ಮಾಡಿದೆ. ಸಹಿ ಹಾಕುವ ಜಾಗದಲ್ಲಿ ಬಹಳ ಹೊತ್ತು ಪೆನ್ನು ಹಿಡಿದು ಕೂತು, ಕೊನೆಗೆ "ಓರ್ವ ಹಿತೈಷಿ ಅಧ್ಯಾಪಕ" ಎಂದು ಬರೆದೆ. ಸೊಗಸಾದ ಎಂಟು ಸಾಲು. ಎಲ್ಲೂ ಒಂದು ಒತ್ತಕ್ಷರದ ತಪ್ಪಿಲ್ಲ.

ಮೂರನೆಯ ದಿನ ಬೆಳಿಗ್ಗೆ ಗೇಟಿನ ಮೇಲಿಂದಲೇ ಕೊಟ್ಟೆ. ಅವರು ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಂಡು, ಹಾಳೆಯನ್ನು ಅಂಚಿನಲ್ಲಿ ಹಿಡಿದು, ಬೀದಿದೀಪದ ಕೆಳಗೆ ಹೋಗಿ ನಿಂತರು. ತೋರುಬೆರಳನ್ನು ಸಾಲಿನ ಕೆಳಗಿಟ್ಟು, ತುಟಿ ಅಲುಗಿಸುತ್ತಾ ಓದಿದರು. ಎಂಟು ಸಾಲಿಗೆ ಅಷ್ಟು ಹೊತ್ತು ಯಾವ ವಿದ್ಯಾರ್ಥಿಯೂ ತೆಗೆದುಕೊಂಡಿರಲಿಲ್ಲ. ಓದಿ ಮುಗಿಸಿ ಮತ್ತೆ ಮೇಲಿನಿಂದ ಶುರು ಮಾಡಿದರು. ಆಮೇಲೆ ಗೇಟಿನ ಹತ್ತಿರ ಬಂದು ಹಾಳೆಯನ್ನು ನನ್ನ ಕಡೆ ತಿರುಗಿಸಿದರು.

"ನಂಗೆ ಅಷ್ಟು ಓದಕ್ಕೆ ಬರಲ್ಲ. ಇದ್ರಲ್ಲಿ ಅವ್ಳು ಆಡಿದ್ಲು ಅಂತ ಎಲ್ಲಿದೆ, ಬೆರಳಿಟ್ಟು ತೋರ್ಸಿ ಮೇಷ್ಟ್ರೇ."

ನಾನು ಹಾಳೆ ನೋಡಿದೆ. ಬೆರಳೂ ಎತ್ತಿದೆ.

ಅವರು ಕಾದರು. ಅವರಿಗೆ ಇನ್ನೂ ನಾಲ್ಕು ಬೀದಿಗೆ ನೀರು ಬಿಡುವುದಿತ್ತು, ಆದರೂ ಕಾದರು. ನಾನು ಬೆರಳಿಳಿಸಿದ ಮೇಲೆ ಹಾಳೆಯನ್ನು ಇದ್ದ ಮಡಿಕೆಯಲ್ಲೇ ಮಡಚಿ ಕಾಂಪೌಂಡ್ ಗೋಡೆಯ ಮೇಲಿಟ್ಟರು. ಗಾಳಿಗೆ ಹಾರದಿರಲಿ ಎಂದು ಕೆಳಗೆ ಬಗ್ಗಿ ಒಂದು ಕಲ್ಲು ಹುಡುಕಿ ಅದರ ಮೇಲೆ ಇಟ್ಟರು. ಬೈದಿದ್ದರೆ ನನಗೆ ಉತ್ತರವಿತ್ತು, ಎರಡು ದಿನ ಅದನ್ನೂ ಸಿದ್ಧಮಾಡಿಕೊಂಡಿದ್ದೆ. ಅವರು ಏರು ಇಳಿದು ಹೋದರು. ಮೊಪೆಡ್ಡು ಶುರುವಾಗುವ ಸದ್ದು ಕೇಳಿತು.

ಅವಳು ಆಯ್ಕೆಗೆ ಹೋಗಲಿಲ್ಲ.

ಆ ಬೆಳಿಗ್ಗೆ ಹಾಲಿನವನು ಬರುವ ಹೊತ್ತಾಗಿತ್ತು. ಅವನು ಆ ಹಾಳೆ ಬಿಚ್ಚಿ ಓದಿಬಿಟ್ಟರೆ, ಓದಿ ಯಾರಿಗಾದರೂ ಹೇಳಿದರೆ, ಅದು ಕೋಚಿನ ಕಿವಿಗೆ ಬಿದ್ದರೆ ಎಂದು ಹೆದರಿ, ಬರಿಗಾಲಲ್ಲಿ ಓಡಿಹೋಗಿ ಕಲ್ಲು ಸರಿಸಿ ಹಾಳೆ ಒಳಗೆ ತಂದೆ. ಅದರಲ್ಲಿ ಯಾರೂ ಓದಬಾರದಂಥದ್ದು ಒಂದು ಅಕ್ಷರವೂ ಇರಲಿಲ್ಲ.